ಹಿಮದ ಮ್ಯಾಲ ಗಾಡಿ, ಬಿಸಿಲೂರಿನ ಪ್ರಶ್ನೆ

ಹೋದ ಸಂಚಿಕೆಯಾಗ ಗುಲ್ಮಾರ್ಗದ ಸ್ನೋ ಸ್ಕೂಟರ್, ಅಂದ್ರ ಹಿಮದ ಮ್ಯಾಲ ಓಡೋ ಸ್ನೋಮೊಬೈಲ್ ಗಾಡಿ ಬಗ್ಗೆ ನಾಕ ಸಾಲು ಬರದಿದ್ದೆ, ಅದೂ ಮಾತಿಗೆ ಮಾತು ಬಂತಂತ ಬರದದ್ದು, ಅದಕ್ಕ ಇಷ್ಟು ಪತ್ರ ಬರ್ತಾವಂತ ನನಗೇನ ಗೊತ್ರೀ. ಜಮಖಂಡಿ, ರಾಯಬಾಗ, ಸವದತ್ತಿ, ಇಳಕಲ್ಲ, ಎಲ್ಲಾ ಹಿಮಾ ಅಂದ್ರ ಫ್ರಿಜ್ಜಿನ ಮ್ಯಾಲಿನ ಖಾನೆದಾಗ ಅಷ್ಟೇ ನೋಡಿದ ಊರು, ಅಲ್ಲಿಂದ ಹಿಮಕುಸಿತದ ಪ್ರಶ್ನೆ! ಆದ್ರ ವಿಚಾರ ಮಾಡಿದ್ರ ಸೋಜಿಗ ಏನಿಲ್ಲ, ನಮ್ಮ ಕಡೆ ಫೌಜಿಗೆ ಹುಡುಗೂರನ್ನ ಕಳಿಸಿದ ಹಳ್ಳಿ ಬೇಕಾದಷ್ಟದಾವ, ಮತ್ತ ಈಗ ಓಣಿಗೊಬ್ಬ ಕೆನಡಾದಾಗ ಇರ್ತಾನ. ಸಂಪಾದಕರು 'ಸುಬೇದಾರ್ರ, ಈ ಸಲ ಪೂರಾ ಅಂಕಣ ಇದಕ್ಕ ಕೊಟ್ಟಬಿಡ್ರಿ' ಅಂದ್ರು. ನಾ ಬೆಳಗಾವಿ ಕ್ಯಾಂಪಿನಾಗ ಭರ್ತಿ ಆಗಿ 26 ವರ್ಷ ನೌಕರಿ ಮಾಡಿದಾಂವ, ಅದರಾಗ ಮೂರು ಚಳಿಗಾಲ ಬರ್ಫಿನ ಮ್ಯಾಲ ಕಳದೇನಿ. ಆ ಬಲದ ಮ್ಯಾಲ ಉತ್ತರ.

ಪ್ರಶ್ನೆ: ನನ್ನ ಮಗ ಕೆನಡಾದ ಕ್ಯಾಲ್ಗರಿಯಾಗ ಕೆಲಸಕ್ಕದಾನ. ಈ ವರ್ಷ ಗೆಳ್ಯಾರ ಜೋಡಿ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ತಗೊಂಡಾನ, ಶನಿವಾರ ಬಂತಂದ್ರ ಗುಡ್ಡಕ್ಕ ಹೋಗ್ತಾರ. ವಿಡಿಯೋ ಕಳಿಸಿದ್ದ, ಬೆಳ್ಳನ್ನ ಗುಡ್ಡದ ಎದಿಮ್ಯಾಲ ಗಾಡಿ ಏರಿಸ್ಕೋತ ಹೋಗಿ, ಇನ್ನ ಏರಂಗಿಲ್ಲ ಅಂದಾಗ ಗರ್ ಅಂತ ಹೊಳ್ಳಿಸಿ ಇಳೀತಾರ, ಯಾರ ಗಾಡಿ ಹೆಚ್ಚ ಮ್ಯಾಲ ಹೋತು ಅಂತ ಪಂಥ. 'ಯವ್ವಾ, ಬಿದ್ರೂ ಗಾದಿ ಮ್ಯಾಲ ಬಿದ್ದಂಗ' ಅಂತಾನ. ನನಗ ರಾತ್ರಿ ನಿದ್ದಿಲ್ಲ. ಬೈದು ಬಿಡಿಸಲೇನು? — ಒಬ್ಬ ತಾಯಿ, ಜಮಖಂಡಿ

ಉತ್ತರ: ಅಕ್ಕಾರ, ಬೈಬ್ಯಾಡ್ರಿ, ಬೈದ್ರ ವಿಡಿಯೋ ಕಳಿಸೂದು ಬಿಡ್ತಾನ, ಗುಡ್ಡಕ್ಕ ಹೋಗೂದು ಬಿಡೂದಿಲ್ಲ. ಅಂವ ಮಾಡೂದಕ್ಕ ಅಲ್ಲಿ ಹೈಮಾರ್ಕಿಂಗ್ ಅಂತಾರ, ಗುಡ್ಡದ ಮ್ಯಾಲ ಯಾರ ಗೆರಿ ಎತ್ತರ ಹೋತು ಅನ್ನೋ ಆಟ. ಸ್ನೋಮೊಬೈಲಿನವರು ಹಿಮದಾಗ ಹೂತು ಹೋಗೂದು ಭಾಳ ಮಾಡಿ ಈ ಆಟದಾಗನ. ಯಾಕ ಅಂದ್ರ ಹಿಮಕುಸಿತ ಆಗೂ ಇಳಿಜಾರು ಮತ್ತ ಹೈಮಾರ್ಕಿಂಗಿಗೆ ಮಜಾ ಕೊಡೋ ಇಳಿಜಾರು ಎರಡೂ ಒಂದ. 30 ಡಿಗ್ರಿಯಿಂದ 45 ಡಿಗ್ರಿ. ಡಿಗ್ರಿ ಅಂದ್ರ ತಿಳೀಲಿಲ್ಲ ಅಂದ್ರ ಹಿಂಗ ಹಿಡೀರಿ, ಮುಂದ ಹತ್ತಡಿ ಹೋಗೂದ್ರಾಗ ಮ್ಯಾಲ ಆರಡಿ ಏರಿದ್ರ ಅದು ಸುಮಾರ 30, ಹತ್ತಕ್ಕ ಹತ್ತಡಿ ಏರಿದ್ರ 45. ಅದಕ್ಕಿಂತ ಕಡಿಮಿ ಇದ್ರ ಹಿಮ ಸಾಮಾನ್ಯ ಜಾರೂದಿಲ್ಲ, ಅದಕ್ಕಿಂತ ಭಾಳ ಕಡಿದು ಇದ್ರ ಬಿದ್ದಷ್ಟು ಅವಾಗಿಂದವಾಗ ತಾನ ಉದುರಿ ಹೋಗ್ತೈತಿ. ನಡುವಿಂದ ಕುಂತು ಕಾಯ್ತೈತಿ.

ಇನ್ನೊಂದು, ಗಾಡಿ ಹೊಳ್ಳಿಸೋ ಜಾಗಾ ನೋಡ್ರಿ. ಮ್ಯಾಲ, ಗುಡ್ಡದ ತಲಿ ಹತ್ರ. ಗಾಳಿ ಆಕಡಿಂದ ಹಿಮಾ ಹೊತ್ತು ತಂದು ಈಕಡೆ ಒಟ್ಟೋ ಜಾಗಾ ಅದು. ಅಲ್ಲಿ ಇನ್ನೂರು ಕಿಲೋ ದಾಟಿದ ಗಾಡಿ, ಮ್ಯಾಲ ಇಂವ, ಇವನ ಚೀಲ, ಪೆಟ್ರೋಲು, ಎಲ್ಲಾ ಕೂಡಿ ಒಂದ ಕಡೆ ಭಾರ ಒಗದು ತಿರುಗಿಸ್ತಾನ. ನಾವು ನಡಕೋತ ಅಷ್ಟ ಮ್ಯಾಲ ಹೋಗಬೇಕಂದ್ರ ಅರ್ಧಾ ದಿನ ಹಿಡೀತಿತ್ತು, ಅಷ್ಟರಾಗ ಕಾಲಾಗಿನ ಹಿಮ ಹೆಂಗೈತಿ ಅಂತ ಕಾಲಿಗೇ ತಿಳೀತಿತ್ತು. ಇವರ ಗಾಡಿ ಒಂದ ನಿಮಿಷದಾಗ ಒಯ್ದು ನಿಂದ್ರಸ್ತೈತಿ, ಕಾಲಿಗೆ ಏನೂ ಗೊತ್ತಾಗಂಗಿಲ್ಲ.

2010ರ ಮಾರ್ಚ್ 13ಕ್ಕ ಅವನಿರೋ ಊರಿಂದ ಪಶ್ಚಿಮಕ್ಕ, ಬ್ರಿಟಿಷ್ ಕೊಲಂಬಿಯಾದ ರೆವಲ್‌ಸ್ಟೋಕ್ ಹತ್ರ ಬೌಲ್ಡರ್ ಮೌಂಟನ್ ಅಂತ ಗುಡ್ಡದಾಗ ಇಂಥಾದ ಏರೋ ಪಂಥ ನಡದಿತ್ತು, ಜಾತ್ರಿ ಹಂಗ ಸುಮಾರು ಇನ್ನೂರು ಮಂದಿ ಕೆಳಗ ನಿಂತು ನೋಡ್ತಿದ್ರು. ಮ್ಯಾಲಿಂದ ಕಿತ್ತಕೊಂಡ ಹಿಮಾ ನೋಡೋರ ಮ್ಯಾಲ ಬಂತು. ಇಬ್ಬರು ಸತ್ತರು, ಮೂವತ್ತರಷ್ಟು ಮಂದಿಗೆ ಪೆಟ್ಟಾತು. ಗಾಡಿ ಏರಿಸಿದವರಿಗಲ್ಲ ಅಕ್ಕಾರ, ನಿಂತ ನೋಡಿದವರಿಗೆ. ನಿಮ್ಮ ಮಗಾ ಏರಲಿಲ್ಲ, ಬರೇ ವಿಡಿಯೋ ತಗದ ಅಂದ್ರೂ ಎಲ್ಲಿ ನಿಂತು ತಗದ ಅಂತ ಕೇಳ್ರಿ.

ಬೈಯೂದ್ರ ಬದಲಿ ಮುಂದಿನ ಸಲ ಫೋನ್ ಮಾಡಿದಾಗ ಮೂರು ಮಾತು ಕೇಳ್ರಿ. ಬೀಕನ್ (ಹಿಮದಾಗ ಹೂತವರನ್ನ ಹುಡುಕಾಕ ಸಿಗ್ನಲ್ ಬಿಡೋ ಡಬ್ಬಿ) ಎಲ್ಲಿ ಕಟ್ಟೀಯಪಾ, ಮೈಮ್ಯಾಲೋ ಗಾಡ್ಯಾಗೋ? ನಿನ್ನ ಗೆಳ್ಯಾರು ಅದರಿಂದ ಹುಡುಕೂದು ಈ ವರ್ಷ ಎಷ್ಟ ಸಲ ರೂಢಿ ಮಾಡ್ಯಾರ? ಇವತ್ತಿನ ಬುಲೆಟಿನ್ ಎಷ್ಟೈತಿ? ಮೂರಕ್ಕೂ ತಟ್ಟನ ಉತ್ತರ ಬಂದ್ರ ನಿಮಗ ಸ್ವಲ್ಪ ನಿದ್ದಿ ಬರ್ತೈತಿ. 'ನಿನಗ್ಯಾರ ಹೇಳಿದ್ರು ಇದೆಲ್ಲಾ' ಅಂತ ತಿರುಗಿ ಕೇಳಿದ್ರ ನನ್ನ ಹೆಸರ ಹೇಳ್ರಿ, ಅಂವ ನನಗ ಬೈಲಿ.

ಬುಲೆಟಿನ್ ಅಂದ್ರ, ಅಲ್ಲಿ ಅವಲಾಂಚ್ ಕೆನಡಾ ಅನ್ನೋ ಸಂಸ್ಥೆ ಚಳಿಗಾಲದಾಗ ದಿನಾ ಯಾವ ಗುಡ್ಡಸಾಲಿಗೆ ಎಷ್ಟು ಅಪಾಯ ಅಂತ 1ರಿಂದ 5ರತನಕ ನಂಬರ್ ಕೊಡ್ತೈತಿ. 5 ಅಂದ್ರ ಯಾರೂ ಮನಿ ಬಿಡೂದಿಲ್ಲ, 4ಕ್ಕೂ ಹಿಂದ ಸರೀತಾರ. ಮಂದಿ ಸಾಯೂದು 3ರಾಗ ಭಾಳ. ನಮ್ಮ ಕೃಷ್ಣಾ ಹೊಳಿ ತುಂಬಿ ಭೋರ್ಗರದು ಹರ್ಯಾಕತ್ತಿದ್ರ ಯಾರ ಇಳೀತಾರ? ಸೇತುವಿ ಮ್ಯಾಲ ಮೊಳಕಾಲ ನೀರಿದ್ದಾಗ 'ಏ ಏನಾಗಂಗಿಲ್ಲ ನಡಿ' ಅಂತ ಬೈಕ್ ಹಾಕ್ತಾರ ನೋಡ್ರಿ, 3 ಅಂದ್ರ ಆ ಮೊಳಕಾಲ ನೀರು.

ಪ್ರಶ್ನೆ: ಸರ್, ಸಿನಿಮಾದಾಗ ಹೀರೋ ಕೂಗಿದ್ರ ಸಾಕು ಗುಡ್ಡ ಕುಸಿದು ಬೀಳ್ತದ. ಸ್ನೋಮೊಬೈಲ್ ಇಂಜಿನ್ ಸೌಂಡ್ ಅಂತೂ ಕಿವಿ ಹರಿತದ. ಹಂಗಾದ್ರ ಸೈಲೆನ್ಸರ್ ಚೊಲೊ ಹಾಕಿದ್ರ ಅಥವಾ ಎಲೆಕ್ಟ್ರಿಕ್ ಗಾಡಿ ಮಾಡಿದ್ರ ಅವಲಾಂಚ್ ಆಗಂಗಿಲ್ಲೇನು? — ಇಂಜಿನಿಯರಿಂಗ್ ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಪ್ರಾಜೆಕ್ಟ್‌ಗೆ ಟಾಪಿಕ್ ಹುಡಕ್ಲಿಕ್ಕತ್ತಿದ್ರ ಇದನ್ನ ಬಿಡು. ಕೂಗಿದ್ರ ಬೀಳೂದು ಸಿನಿಮಾದಾಗ ಅಷ್ಟ. ಇಂಜಿನ್ನಿನ ಸಪ್ಪಳಕ್ಕ ಅಂಥಾ ಜೋರ ಇರಂಗಿಲ್ಲ, ಭಾರಕ್ಕ ಐತಿ. ಹಿಮಾ ಒಂದ ದಿನ ಬಿದ್ದದ್ದಲ್ಲ, ನವೆಂಬರಿಂದ ಪದರ ಪದರ ಕುಂತಿರ್ತೈತಿ, ಒಂದೊಂದು ಪದರದ ಗುಣಾ ಬ್ಯಾರೆ. ನಡಬರಕ ಎಲ್ಲೋ ಒಂದ ಪದರ ಸಕ್ರಿ ಹಂಗ ಉದುರುದುರಾಗಿ, ಒಂದಕ್ಕೊಂದು ಹತ್ತದಂಗ ಉಳದಿರ್ತೈತಿ. ಅದರ ಮ್ಯಾಲ ಗಾಳಿ ಬಡದು ಬಡದು ಗಟ್ಟಿ ಹಲಗಿ ಆದ ಪದರ. ಸಾಸಿವಿ ಕಾಳು ಹರವಿ ಮ್ಯಾಲ ಫರಸಿ ಇಟ್ಟು, ಫರಸಿ ಒಂದ ಕಡೆ ಎತ್ತಿ ಹಿಡದಂಗ. ಸುಮ್ನ ಇದ್ರ ಇರ್ತೈತಿ. ಮ್ಯಾಲ ನೀ ಕಾಲಿಟ್ಟಿ, ಕೆಳಗಿನ ಸಾಸಿವಿ ಒಂದ ಕಡೆ ಜರದ್ವು ಅಂದ್ರ ಆ ಜರಗೂದು ಕಣ್ಣ ಮುಚ್ಚಿ ಬಿಡೂದ್ರಾಗ ಇಡೀ ಗುಡ್ಡದ ಅಗಲಕ್ಕ ಓಡ್ತೈತಿ, ಫರಸಿ ಕಳಚಿ ಇಳೀತೈತಿ. ಹಿಂಗ ಸತ್ತವರ ಲೆಕ್ಕ ತಗದ್ರ ಹತ್ತರಾಗ ಒಂಬತ್ತು ಸಲ ಕುಸಿತ ಶುರು ಮಾಡಿದಾಂವ ಸತ್ತಾಂವ ಇಲ್ಲಾ ಅವನ ಜೋಡಿ ಇದ್ದಾಂವ. ಗುಡ್ಡ ತಾನಾಗಿ ಬಂದು ಬಡದದ್ದು ಕಡಿಮಿ.

ಸಪ್ಪಳದ ಸಂಬಂಧ ಇಲ್ಲ ಅಂದೆ, ಖರೇ ಹೇಳಬೇಕಂದ್ರ ಒಂದ ಸಂಬಂಧ ಐತಿ, ಉಲ್ಟಾ ಸಂಬಂಧ. ಆ ಸಕ್ರಿ ಪದರ ಕೆಳಗ ಕುಸದು ಕುಂದ್ರುವಾಗ 'ವುಂಫ್' ಅಂತ ಒಂದು ಸಪ್ಪಳ ಬರ್ತೈತಿ, ಖಾಲಿ ಹಗೇವಿನ ಮ್ಯಾಲ ಕಾಲಿಟ್ಟಂಗ, ಹೊಟ್ಟ್ಯಾಗ ಧಸಕ್ ಅಂತೈತಿ. ನಾ ಮೊದಲನೇ ಸಲ ಕೇಳಿದಾಗ ಹಿಂದ ಯಾರೋ ಬಿದ್ರು ಅಂತ ತಿರುಗಿ ನೋಡಿದ್ದೆ, ನಮ್ಮ ಉಸ್ತಾದ ಅಷ್ಟೊತ್ತಿಗೆ ಕೈ ಎತ್ತಿ ಎಲ್ಲಾರ್ನೂ ನಿಂದ್ರಸಿದ್ದ, ಒಬ್ಬೊಬ್ಬರನ್ನ ಬಂದ ಹೆಜ್ಜಿ ಮ್ಯಾಲ ಹಿಂದ ಕರಕೊಂಡು ಹೋದ. ಗುಡ್ಡ ಕೊಡೋ ವಾರ್ನಿಂಗ್ ಅದು. ಗಾಡಿ ಮ್ಯಾಲ ಕುಂತಾಂವಗ ಹೆಲ್ಮೆಟ್ಟು, ಇಂಜಿನ್ನು, ಏನೂ ಕೇಳೂದಿಲ್ಲ. ಅದಕ್ಕ ತಿಳದವರು ಆಗಾಗ ಗಾಡಿ ಬಂದ್ ಮಾಡಿ, ಇಳದು, ನಾಕ ಹೆಜ್ಜಿ ನಡದು, ಸಲಿಕಿಲೆ ಕೆರದು ನೋಡ್ತಾರ. ಗಾಡಿ ಮುಂದಿನ ಹಿಮದಾಗ ಗಾಜಿನಂಗ ಬಿರುಕು ಓಡಿದ್ರ, ಬಾಜೂ ಗುಡ್ಡ ನಿನ್ನೆ ಮೊನ್ನೆ ಕುಸದಿದ್ರ, ರಾತ್ರಿ ಭಾಳ ಹಿಮ ಬಿದ್ದಿದ್ರ ಇಲ್ಲಾ ಗಾಳಿ ಬಿಟ್ಟಿದ್ರ, ಒಮ್ಮಿಂದೊಮ್ಮೆಲೆ ಬಿಸಿಲ ಏರಿದ್ರ, ಅವತ್ತು ಕಡಿದಾದ ಕಡೆ ಹೋಗಬಾರ್ದು. ಮತ್ತ ಗುಡ್ಡದ ಬುಡಕ ಸಪಾಟ ನೆಲದಾಗ ಅಡ್ಡಾಡಿದ್ರೂ ಮ್ಯಾಲಿಂದು ಕಳಚಬಹುದು, ಕೆಳಗಿನ ಸಾಸಿವಿ ಎಳದ್ರ ಮ್ಯಾಲಿನ ಫರಸಿ ಬಿಟ್ಟೀತೇನು?

ಎಲೆಕ್ಟ್ರಿಕ್ ಗಾಡಿ ಮಾಡು, ಕಿವಿಗೆ ಚೊಲೊ. ಭಾರ ಕಡಿಮಿ ಆಗೂದಿಲ್ಲ.

ಪ್ರಶ್ನೆ: ಹೋದ ಸಂಚಿಕೆಯಾಗ ನೀವು 'ಗೆಳ್ಯಾನ ಗಾಡಿ ಇಳಿಜಾರಿನ ಮ್ಯಾಲ ಸಿಕ್ಕಿಬಿದ್ರ ಸಹಾಯಕ್ಕ ಹೋಗಬ್ಯಾಡ' ಅಂತ ಬರದ್ರಿ. ಇದೆಂಥಾ ಮಾತ್ರೀ ಸಾಹೇಬ್ರ? ನಾವು ಕಬ್ಬಿನ ಟ್ರ್ಯಾಕ್ಟರ್ ಹೊಡಿಯೋ ಮಂದಿ, ಒಬ್ಬನ ಟ್ರೇಲರ್ ಹೊಲದಾಗ ಹುಗದ್ರ ಹಿಂದಿನ ನಾಕ ಟ್ರ್ಯಾಕ್ಟರಿನವರು ಇಳದು ಬಂದು ಎಳೀತೇವಿ. ಫೌಜಿಯವರ ಬಾಯಾಗ ಇಂಥಾ ಮಾತು ಬರಬಾರ್ದಿತ್ತು. — ರಾಯಬಾಗದ ಒಬ್ಬ ಚಾಲಕ

ಉತ್ತರ: ಅಣ್ಣಾರ, ನಿಮ್ಮ ಸಿಟ್ಟು ಬರೋಬರಿ ಐತಿ, ನಾ ಒಂದ ಸಾಲಿನಾಗ ಬರದು ಮುಗಿಸಿದ್ದ ತಪ್ಪು. ಕಬ್ಬಿನ ಹೊಲದ ಲೆಕ್ಕಾನ ತಗೊಳ್ಳೂಣು. ಎರಿ ನೆಲದಾಗ ಟ್ರೇಲರ್ ಹುಗದೈತಿ, ನೀವು ಹತ್ತು ಮಂದಿ ಹೋಗಿ ನಿಂತ್ರಿ, ನೆಲ ನಿಮ್ಮನ್ನ ಹೊರ್ತೈತಿ, ಹೆಚ್ಚಂದ್ರ ಕೆಸರಾಗ ಚಪ್ಪಲಿ ಹೋಕ್ಕೈತಿ. ಈಗ ಅದ ಹೊಲ ಒಂದ ದೊಡ್ಡ ಫರಸಿ ಮ್ಯಾಲ ಐತಿ, ಫರಸಿ ಸಾಸಿವಿ ಮ್ಯಾಲ ಐತಿ, ಒಂದ ಟ್ರ್ಯಾಕ್ಟರ್ ಭಾರ ಅದು ಹೆಂಗೋ ತಡಕೊಂಡೈತಿ ಅಂತ ತಿಳೀರಿ. ನೀವು ಇನ್ನೊಂದ ಟ್ರ್ಯಾಕ್ಟರ್ ಒಯ್ದು ಅದರ ಬಾಜೂ ನಿಂದ್ರಸ್ತೀರೇನು? ಸ್ನೋಮೊಬೈಲಿನವರು ಮಾಡೂದು ಇದನ್ನ. ಒಬ್ಬ ಮ್ಯಾಲ ಸಿಕ್ಕಿಬಿದ್ದ, ಗಾಡಿ ಹಿಮದಾಗ ಹುಗೀತು, ಗೆಳ್ಯಾ ಗಾಡಿ ತಗೊಂಡು ಅವನ ಮ್ಯಾಲಿಂದ ಸುತ್ತು ಹಾಕಿ ಇಳಿಸ್ತೇನಂತ ಹೋದ, ಎರಡು ಗಾಡಿ ಭಾರಕ್ಕ ಇಡೀ ಗುಡ್ಡ ಕಳಚ್ತು, ಇಬ್ಬರೂ ಹೋದ್ರು. ಇದು ಎಷ್ಟೋ ಸಲ ಆಗೈತಿ. ಅದಕ್ಕ ರೂಢಿ ಏನಂದ್ರ ಇಳಿಜಾರಿನ ಮ್ಯಾಲ ಒಂದ ಸಲಕ್ಕ ಒಬ್ಬ. ಸಿಕ್ಕಿಬಿದ್ದಾಂವ ತಾನ ತೋಡ್ಕೊಂಡು, ಗಾಡಿ ಮೂತಿ ಕೆಳಗ ತಿರುವಿ ಇಳೀಬೇಕು. ಉಳದವರು ದೂರ, ಕುಸದ್ರೂ ಹಿಮ ಬಂದು ಮುಟ್ಟದ ಜಾಗಾದಾಗ, ಗಾಡಿ ಒಂದರ ಬಾಜೂ ಒಂದು ಹಚ್ಚಿ, ಮೂತಿ ಹೊರಗ ಮಾಡಿ ನಿಲ್ಲಿಸಿ, ಕಣ್ಣು ಅವನ ಮ್ಯಾಲಿಟ್ಟು ನಿಂದ್ರಬೇಕು. ಸುಮ್ನ ನಿಂದ್ರೂದೂ ಒಂದ ದಗದ ಅಣ್ಣಾರ, ಅವನಿಗೇನರ ಆದ್ರ ಅವನ್ನ ಕಟ್ಟಕಡೀಗೆ ಎಲ್ಲಿ ಕಂಡಿ ಅನ್ನೂದು ಗೊತ್ತಿದ್ದಾಂವ ನೀವೊಬ್ಬರ.

ಇನ್ನ ಕುಸದ ಬಿಟ್ಟಿತು, ಗೆಳ್ಯಾ ಒಳಗ ಹೋದ ಅಂದ್ರ ಆವಾಗ ಓಡಬೇಕು, ನಿಮ್ಮಂಗನ ಓಡಬೇಕು. ಆದ್ರ ಓಡೂಕಿಂತ ಮೊದಲ ಒಂದ ಸಲ ತಲಿ ಎತ್ತಿ ಮ್ಯಾಲ ನೋಡಬೇಕು. 2008ರ ಡಿಸೆಂಬರ್ 28ಕ್ಕ ಬ್ರಿಟಿಷ್ ಕೊಲಂಬಿಯಾದ ಫರ್ನಿ ಹತ್ರ ಹಾರ್ವೆ ಪಾಸ್ ಅನ್ನೋ ಕಡೆ 11 ಮಂದಿ ಸ್ನೋಮೊಬೈಲಿನವರು ಹೋಗಿದ್ರು, ಎಲ್ಲಾ ಸ್ಪಾರ್‌ವುಡ್ ಅನ್ನೋ ಸಣ್ಣ ಊರಿನ ಹುಡುಗೂರು. ಮೊದಲ ಕುಸಿತದಾಗ ಕೆಲವ್ರು ಮುಚ್ಚಿಹೋದ್ರು, ಉಳದವರು ಬಂದು ತೋಡಾಕ ಹತ್ತಿದ್ರು, ತೋಡೋರ ಮ್ಯಾಲ ಎರಡನೇ ಕುಸಿತ ಬಂತು. 8 ಮಂದಿ ಸತ್ತರು, 3 ಮಂದಿ ಉಳದ್ರು. ಒಂದ ಊರಿಂದ ಒಂದ ದಿನ ಎಂಟು ಹೆಣ, ನೀವ ವಿಚಾರ ಮಾಡ್ರಿ. ಅವರು ಗೇರ್ ಇಲ್ಲದವರಲ್ಲ, ಮನಸ್ಸು ಇಲ್ಲದವರೂ ಅಲ್ಲ. ನಿಮ್ಮಂಥವರ. ಅದಕ್ಕ ಒಬ್ಬಾಂವ ಮ್ಯಾಲಿನ ಗುಡ್ಡಾ ಕಾಯಾಕ ನಿಂದ್ರಬೇಕು, ಕಮ್ಮಿ ಅಂದ್ರ ಎಷ್ಟ ಮಂದಿ ಬೇಕೋ ಅಷ್ಟ ಒಳಗ ಇಳೀಬೇಕು.

ಪ್ರಶ್ನೆ: ಹಿಮ ಅಂದ್ರೆ ಹತ್ತಿ ಥರ ಮೆತ್ತಗೆ ಇರುತ್ತೆ ಅಂತ ನಮ್ಮ ಟೀಚರ್ ಹೇಳಿದ್ರು. ಹಾಗಾದ್ರೆ ಅದ್ರೊಳಗೆ ಬಿದ್ದೋರು ಕೈಯಿಂದ ಸರಿಸಿ ಎದ್ದು ಬರೋಕೆ ಯಾಕಾಗಲ್ಲ? — 7ನೇ ತರಗತಿ ವಿದ್ಯಾರ್ಥಿನಿ, ಇಳಕಲ್ಲ

ಉತ್ತರ: ತಂಗೆವ್ವಾ, ಟೀಚರ್ ಹೇಳಿದ್ದು ಬರೋಬರಿ, ಬೀಳುವಾಗ ಹತ್ತೀನ. ಆದ್ರ ನಿಮ್ಮೂರ ಕಡೆ ಜಿನ್ನಿಂಗ್ ಮಿಲ್ಲಿಗೆ ಒಮ್ಮೆ ಹೋಗಿ ನೋಡು, ಬಿಡಿ ಹತ್ತಿ ರಾಶಿ ಮ್ಯಾಲ ನೀ ಜಿಗದಾಡಬಹುದು, ಅದ ಹತ್ತಿ ಪ್ರೆಸ್ಸಿಗೆ ಹಾಕಿ ಅಂಡಿಗಿ ಕಟ್ಟಿದ ಮ್ಯಾಲ ಅದರಾಗ ಬೆರಳು ತೂರ್ಸು ನೋಡೂಣು. ಹೊಸಾ ಹಿಮ ಒಂದ ಘನ ಮೀಟರಿಗೆ 50-100 ಕಿಲೋ ಇರ್ತೈತಿ, ಗುಡ್ಡದಿಂದ ಉಳ್ಳಿ ಬಂದು ನಿಂತ ಮ್ಯಾಲ ಅದಕ್ಕಿಂತ ಮೂರ್ನಾಕ ಪಟ್ಟು ಭಾರ ಆಗಿ, ನಿಂತ ಕೂಡ್ಲೆ ಸಿಮೆಂಟ್ ಹಂಗ ಬಿಗೀತೈತಿ. ಬೆರಳು ಅಲುಗಾಡೂದಿಲ್ಲ. ಮ್ಯಾಲ ಯಾವ ಕಡೆ ಕೆಳಗ ಯಾವ ಕಡೆ ಅನ್ನೂದೂ ತಿಳಿಯೂದಿಲ್ಲ. ಅದಕ್ಕ ಹಿಮಾ ಇನ್ನೂ ಹರೀತಿರುವಾಗನ ಕೈ ಮುಖದ ಮುಂದ ತಂದು ಉಸಿರಾಡಾಕ ಬೊಗಸಿ ಜಾಗಾ ಮಾಡ್ಕೋಬೇಕು ಅಂತ ಕಲಸ್ತಾರ.

ಪ್ರಶ್ನೆ: ನಮ್ಮ ಅಳಿಯ ಅಮೆರಿಕದಾಗ ಸ್ನೋಮೊಬೈಲ್ ಹೊಡೀತಾರ. ಬೀಕನ್, ಪ್ರೋಬ್, ಏರ್‌ಬ್ಯಾಗ್ ಅಂತ ರಾಶಿ ರೊಕ್ಕಾ ಹಾಕ್ಯಾರ. ಮೊಬೈಲಿನಾಗ ಲೊಕೇಶನ್ ಇರ್ತದಲ್ಲ, ಅದು ಸಾಕಾಗಂಗಿಲ್ಲೇನು? ಇಷ್ಟೆಲ್ಲಾ ಇದ್ದಮ್ಯಾಲ ಹೆದರಿಕಿ ಇಲ್ಲ ಅಂತ ತಿಳೀಲೇನು? — ನಿವೃತ್ತ ಶಿಕ್ಷಕರು, ಬಾಗಲಕೋಟೆ

ಉತ್ತರ: ಗುರುಗಳ, ಮೊದಲನೇದಕ್ಕ ಇಲ್ಲ, ಎರಡನೇದಕ್ಕೂ ಇಲ್ಲ.

ಮೊಬೈಲ್ ಲೊಕೇಶನ್ ಇಂತಿಂಥಾ ಗುಡ್ಡ ಅಂತ ಹೇಳೀತು, ಅದೂ ಟವರ್ ಇದ್ರ. ಆರಡಿ ಹಿಮದ ಕೆಳಗ ಎಲ್ಲಿ ಅಂತ ಅದು ಹೇಳಂಗಿಲ್ಲ. ಬೀಕನ್ ಅಂದ್ರ ಎದಿಗೆ ಕಟಗೊಳ್ಳೋ ಒಂದ ಡಬ್ಬಿ, 457 ಕಿಲೋಹರ್ಟ್ಸ್ ಮ್ಯಾಲ ಟಿಕ್ ಟಿಕ್ ಅಂತ ಸಿಗ್ನಲ್ ಬಿಡ್ತಿರ್ತೈತಿ. ಜಗತ್ತಿನಾಗ ಎಲ್ಲಾ ಕಂಪನಿದೂ ಅದ ಫ್ರೀಕ್ವೆನ್ಸಿ, ಹಂಗಾಗಿ ಯಾರದು ಯಾರು ಬೇಕಾದ್ರೂ ಹುಡುಕಬಹುದು. ಒಬ್ಬ ಹೂತುಹೋದ್ರ ಉಳದವರು ತಮ್ಮ ಡಬ್ಬಿ ಹುಡುಕೋ ಕಡೆ ತಿರುವಿ, ಬಾಣದ ಗುರ್ತು, ನಂಬರ್ ನೋಡ್ಕೋತ ಹೋಗಬೇಕು, ನಂಬರ್ ಇಳದಂಗ ಹತ್ರ ಬಂದಂಗ. ಕಟ್ಟಕಡೀಗೆ ಡಬ್ಬಿ ಹಿಮಕ್ಕ ತಾಗಿಸಿ ನಂಬರ್ ಎಲ್ಲಿ ಎಲ್ಲಾಕಿಂತ ಸಣ್ಣದು ಅಂತ ನೋಡಿ, ಪ್ರೋಬ್ ಅಂದ್ರ ಮಡಚೋ ಉದ್ದನ ಸಲಾಕಿ ಚುಚ್ಚಿ, ಮೆತ್ತಗ ಹತ್ತಿದ ಕಡೆ ಅದನ್ನ ಅಲ್ಲೇ ಬಿಟ್ಟು, ಇಳಿಜಾರಿನ ಕೆಳಗಿನ ಮಗ್ಗಲಿಂದ ತೋಡ್ಕೋತ ಒಳಗ ಹೋಗಬೇಕು. ಮ್ಯಾಲ ನಿಂತು ಭಾಂವಿ ತೋಡಿದಂಗ ತೋಡಬಾರ್ದು, ಕೆಳಗಿನಾಂವನ ಉಸಿರಿನ ಜಾಗಾದ ಮ್ಯಾಲ ನೀವ ನಿಂತಂಗಾಕ್ಕೈತಿ.

ಇದೆಲ್ಲಾ ಎಷ್ಟೊತ್ತಿನಾಗ? ಹಳೇ ಸ್ವಿಸ್ ಲೆಕ್ಕದಾಗ 15 ನಿಮಿಷದೊಳಗ ತಗದ್ರ ಹತ್ತರಾಗ ಒಂಬತ್ತು ಮಂದಿ ಜೀವಂತ, 35 ನಿಮಿಷಕ್ಕ ಹತ್ತರಾಗ ಮೂರು. ಈಗಿನ ಲೆಕ್ಕದಾಗ ಆ 15 ಅನ್ನೂದು 10ಕ್ಕ ಇಳದೈತಿ. ಹಿಮದಾಗ ಗಾಳಿ ಇರ್ತೈತಿ ಗುರುಗಳ, ಆದ್ರ ತಾ ಬಿಟ್ಟ ಉಸಿರ ತಾನ ಎಳಕೊಂಡು ಸಾಯ್ತಾನ. ನಿಮ್ಮ ಕಾಲಕ್ಕ ಊರಾಗ ಜ್ವಾಳದ ಹಗೇವು ತಗಿಯೂದು ನೋಡಿರಬೇಕು. ಬಾಯಿ ತಗದು ಒಂದ ಹೊತ್ತು ಹಂಗ ಬಿಟ್ಟು, ಕಂದೀಲು ಇಳಿಬಿಟ್ಟು ದೀಪಾ ಆರ್ತೈತೇನು ನೋಡಿ ಆಮ್ಯಾಲ ಮನಶ್ಯಾನ್ನ ಇಳಿಸ್ತಿದ್ರು. ನಮ್ಮಜ್ಜ ದೀಪಾ ಎರಡ ಸಲ ಇಳಿಸ್ತಿದ್ದ, ಒಂದ ಸಲಕ್ಕ ನಂಬತಿದ್ದಿಲ್ಲ. ಅದ ಕೆಟ್ಟ ಗಾಳಿ ಹಿಮದ ಕೆಳಗಿನಾಂವನ ಮಾರಿ ಸುತ್ತ ಕಟಗೊಳ್ತೈತಿ, ಹತ್ತ ನಿಮಿಷದಾಗ. ಹೆಲಿಕಾಪ್ಟರ್ ಬರೂದ್ರಾಗ ಎಲ್ಲಾ ಮುಗದಿರ್ತೈತಿ. ಅಂದ್ರ ನಿಮ್ಮ ಅಳಿಯನ ಆಂಬುಲೆನ್ಸು, ಡಾಕ್ಟರು, ಪೊಲೀಸು ಎಲ್ಲಾ ಅವನ ಜೋಡಿ ಗಾಡಿ ಹೊಡೀತಾನಲ್ಲ ಆ ಗೆಳ್ಯಾನ. ಅಳಿಯನ ಬೀಕನ್ ಎಷ್ಟ ತುಟ್ಟಿದು ಅಂತ ಕೇಳಬ್ಯಾಡ್ರಿ, ಅವನ ಗೆಳ್ಯಾಗ ಹುಡುಕಾಕ ಬರ್ತೈತೇನು ಅಂತ ಕೇಳ್ರಿ. ನಾ ಈ ಅಂಕಣದಾಗ ಹೇಳೂದ ಇದೊಂದು, ಉಳದದ್ದು ಮರತ್ರೂ ನಡೀತೈತಿ.

ಗಾಡಿ ಹೊಡ್ಯೋರಿಗೆ ಇನ್ನ ಎರಡು ಮಾತು ಬ್ಯಾರೆ ಅದಾವ. ಸಲಿಕಿ, ಪ್ರೋಬ್ ಭಾಳ ಮಂದಿ ಗಾಡಿ ಹಿಂದ ಕಟ್ಟಿರ್ತಾರ, ಗಾಡಿನ ಹಿಮದ ಕೆಳಗ ಹೋದ್ರ ಏನ ಹಚ್ಚಿ ತೋಡ್ತೀರಿ? ಬೆನ್ನಿನ ಚೀಲದಾಗ ಇರಬೇಕು, ಸಲಿಕಿ ಅಲ್ಯುಮಿನಿಯಂದ ಇರಬೇಕು, ಪ್ಲಾಸ್ಟಿಕ್ಕಿಂದು ಆ ಸಿಮೆಂಟಿಗೆ ಹೊಡದ್ರ ಚಟ್ ಅಂತ ಮುರೀತೈತಿ. ಮತ್ತ ಮೊಬೈಲ್, ರೇಡಿಯೋ, ಕ್ಯಾಮೆರಾ, ಬಿಸಿ ಆಗೋ ಕೈಗವಸು ಇವೆಲ್ಲಾ ಬೀಕನ್ನಿಗೆ ಕಿರಿಕಿರಿ, ಸುಮ್ನ ಹೊಂಟಾಗ ಕಮ್ಮಿ ಅಂದ್ರ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಬೇಕು. ಹುಡುಕುವಾಗ ಗಾಡಿ ಇಂಜಿನ್ನೂ ಬಂದ್.

ಏರ್‌ಬ್ಯಾಗ್ ಚೊಲೊ ಸಾಮಾನು, ಹಿಡಿ ಜಗ್ಗಿದ್ರ ಬೆನ್ನಿನ ಮ್ಯಾಲ ಸುಮಾರು 150 ಲೀಟರಿನ ಚೀಲ ಉಬ್ಬತೈತಿ. ಅದು ತೇಲಸ್ತೈತಿ ಅಂತ ತಿಳದಾರ, ನೀರಿನ್ಯಾಗ ತೇಲಿದಂಗಲ್ಲ. ಚೂಡಾ ಡಬ್ಬಿ ಅಲುಗಾಡಿಸ್ರಿ, ಶೇಂಗಾ, ಕೊಬ್ಬರಿ ತುಂಡು ಮ್ಯಾಲ ಬರ್ತಾವು, ಸಣ್ಣ ಪುಡಿ ಕೆಳಗ ಹೋಕ್ಕೈತಿ. ಹರಿಯೋ ಹಿಮದಾಗೂ ದೊಡ್ಡದು ಮ್ಯಾಲ ಬರ್ತೈತಿ, ಏರ್‌ಬ್ಯಾಗ್ ಮನಶ್ಯಾನ್ನ ದೊಡ್ಡಾಂವ ಮಾಡ್ತೈತಿ, ಅಷ್ಟ. ಆದ್ರ ಗಿಡಕ್ಕ, ಬಂಡಿಗಲ್ಲಿಗೆ ಒಯ್ದು ಅಪ್ಪಳಿಸಿದ್ರ, ಇಲ್ಲಾ ತನ್ನ ಗಾಡಿನ ಉಳ್ಳಿ ಮ್ಯಾಲ ಬಿದ್ರ ಅದೇನ ಮಾಡೀತು? ಕೆನಡಾದಾಗ ಹಿಮಕುಸಿತಕ್ಕ ಸತ್ತವರಾಗ ಸುಮಾರು ನಾಕರಾಗ ಒಬ್ಬ ಉಸಿರ ಕಟ್ಟಿ ಅಲ್ಲ, ಪೆಟ್ಟಿಗೆ ಸತ್ತಿರ್ತಾನ. ಮತ್ತ ರೊಕ್ಕಾ ಹಾಕಿ ಸಾಮಾನ ತಂದಾಂವಗ ಧೈರ್ಯ ಒಂದ ಗೇಣ ಹೆಚ್ಚ ಬರ್ತೈತಿ, ಮೊದಲ ಹೋಗದ ಗುಡ್ಡಕ್ಕ ಹೋಗ್ತಾನ. ಅಳಿಯಗ ಇದನ್ನ ನೀವು ಹೇಳೂದು ಕಷ್ಟ, ಮಗಳ ಕಡಿಂದ ಹೇಳಸ್ರಿ.

ಪ್ರಶ್ನೆ: ಹತ್ತು ನಿಮಿಷ, ಹದಿನೈದು ನಿಮಿಷ ಅಂತ ಯಾವಾಗಲೂ ಬರೀತೀರಿ. ಹಂಗಾದ್ರ ನಮ್ಮ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಾಗ ಆರು ದಿನ ಹೆಂಗ ಬದುಕಿದ್ರು? — ಸವದತ್ತಿಯಿಂದ ಒಬ್ಬ ಓದುಗರು

ಉತ್ತರ: ಈ ಪ್ರಶ್ನೆ ಬಂದ ಬರ್ತೈತಿ ಅಂತ ಗೊತ್ತಿತ್ತು, ಬರಲಿ ಅಂತನೂ ಇತ್ತು. ಗೊತ್ತಿಲ್ಲದ ಹುಡುಗೂರಿಗೆ ಹೇಳ್ತೇನಿ, ಲಾನ್ಸ್ ನಾಯಕ್ ಹನುಮಂತಪ್ಪ ಧಾರವಾಡ ಜಿಲ್ಲಾ ಕುಂದಗೋಳ ತಾಲೂಕಿನ ಬೆಟದೂರಿನವರು, ಮದ್ರಾಸ್ ರೆಜಿಮೆಂಟ್. 2016ರ ಫೆಬ್ರುವರಿ 3ಕ್ಕ ಸಿಯಾಚಿನ್‌ದಾಗ ಸುಮಾರು 19,600 ಅಡಿ ಎತ್ತರದ ಸೋನಮ್ ಪೋಸ್ಟ್ ಮ್ಯಾಲ ಹಿಮದ ಗೋಡಿನ ಕುಸದು ಬಿತ್ತು, ಹತ್ತು ಮಂದಿ ಜವಾನರು ಕೆಳಗ ಹೋದ್ರು. ನಮ್ಮ ಮಂದಿ ಆ ಚಳಿಯಾಗ ಹಗಲು ರಾತ್ರಿ ಮಂಜುಗಡ್ಡಿ ಕೊಯ್ದು, ಡಾಟ್ ಮತ್ತ ಮಿಶಾ ಅನ್ನೋ ಎರಡು ನಾಯಿ ವಾಸನಿ ಹಿಡದು, ಆರನೇ ದಿನಕ್ಕ ಸುಮಾರು 25-30 ಅಡಿ ಕೆಳಗಿಂದ ಹನುಮಂತಪ್ಪನವರನ್ನ ಜೀವಂತ ತಗದ್ರು. ಅವರಿದ್ದ ಟೆಂಟ್ ಪೂರಾ ಚಪ್ಪಟಿ ಆಗದ ಒಂದಿಷ್ಟು ಗಾಳಿ ಜಾಗಾ ಉಳದಿತ್ತು, ಅದ ಅವರನ್ನ ಹಿಡದಿತ್ತು. ಫೆಬ್ರುವರಿ 11ಕ್ಕ ದಿಲ್ಲಿಯ ಮಿಲಿಟರಿ ಆಸ್ಪತ್ರಿಯಾಗ ತೀರಿಕೊಂಡ್ರು. ಅವತ್ತು ನಮ್ಮನ್ಯಾಗ ಒಲಿ ಹೊತ್ತಿಸಿರಲಿಲ್ಲ, ನಮ್ಮ ಓಣ್ಯಾಗ ಭಾಳ ಮನಿಯಾಗ ಹಂಗ ಇತ್ತು.

ಅವರೇನು ಮಜಾ ಮಾಡಾಕ ಹೋದವರಲ್ಲ, ಕಾಯಾಕ ನಿಂತವರು, ಎಲ್ಲಿ ನಿಂದ್ರಬೇಕು ಅನ್ನೂದು ಅವರ ಕೈಯಾಗ ಇರಲಿಲ್ಲ. ಹತ್ತರಾಗ ಒಬ್ಬರು ಜೀವಂತ ಸಿಕ್ಕರು, ಅವರೂ ಉಳೀಲಿಲ್ಲ. ಆ ಒಬ್ಬರ ಲೆಕ್ಕಾ ಹಿಡದು ಮಜಾಕ್ಕ ಹೋಗೋರು 'ಆರು ದಿನಾನೂ ಬದುಕಬಹುದಂತ' ಅನ್ನಬಾರ್ದು. ಗಾಡಿ ಹೊಡ್ಯಾಂವ ಯಾವ ಇಳಿಜಾರಿಗೆ ಹೋಗಬೇಕು ಅನ್ನೂದು ಅವನ ಹೆಬ್ಬೆರಳಿನಾಗ ಐತಿ.

ಪ್ರಶ್ನೆ: ಫೆಬ್ರುವರಿದಾಗ ಹನಿಮೂನಿಗೆ ಗುಲ್ಮಾರ್ಗ್ ಹೊಂಟೀವಿ. ನಮ್ಮ ಮನಿಯವರಿಗೆ ಸ್ನೋ ಸ್ಕೂಟರ್ ಹೊಡೀಬೇಕಂತ ಭಾಳ ಆಸೆ ಅದ. ಹೊಡಿಬಹುದಾ? — ಹೊಸಾ ಜೋಡಿ, ಮುದ್ದೇಬಿಹಾಳ

ಉತ್ತರ: ಹೊಡೀರಿ ಯವ್ವಾ, ಸಪಾಟ ಬಯಲಾಗ ಸುತ್ತು ಹಾಕಸ್ತಾರ, ಹೆಲ್ಮೆಟ್ ಹಾಕ್ಕೋರಿ, ಫೋಟೋ ತಗೋರಿ. ಒಂದ ಮಾತು, ಗಾಡಿಯವನಿಗೆ 'ಭಯ್ಯಾ ಥೋಡಾ ಔರ್ ಊಪರ್' ಅಂತ ಐನೂರ ನೋಟು ತೋರಸಬ್ಯಾಡ್ರಿ. ನಮ್ಮ ಕಡಿಯವರ ದೊಡ್ಡ ರೋಗ ಅದು. ಹಗ್ಗಾ ಕಟ್ಟಿದ್ರ, ಬೋರ್ಡ್ ಹಾಕಿದ್ರ ಅದಕ್ಕ ಕಾರಣ ಐತಿ. ಮ್ಯಾಲ ಅಫರ್ವಾತ್ ಶಿಖರದ ಕಡೆ 2023ರ ಫೆಬ್ರುವರಿ 1ಕ್ಕ ಪೋಲೆಂಡಿನ ಇಬ್ಬರು ಸ್ಕೀ ಮಾಡೋರು ಹಿಮಕುಸಿತದಾಗ ತೀರಿಕೊಂಡ್ರು, ಅವರು ಹಿಮಾ ನೋಡದವರೇನಲ್ಲ. ಅದ ವರ್ಷ ಏಪ್ರಿಲ್ 4ಕ್ಕ ಸಿಕ್ಕಿಂನ ನಾಥು ಲಾ ರಸ್ತೆದಾಗ 7 ಮಂದಿ ಪ್ರವಾಸಿಗರು ಸತ್ತರು, ಪರವಾನಗಿ ಇದ್ದದ್ದು 13ನೇ ಮೈಲಿತನಕ, ಅವರು 15ನೇ ಮೈಲಿಗೆ ಹೋಗಿದ್ರು ಅಂತ ಅಲ್ಲಿನ ಪೊಲೀಸರು ಹೇಳಿದ್ರು. ನಮ್ಮಲ್ಲೂ ಚಂಡೀಗಢದ ಡಿಜಿಆರ್‌ಇ, ಅಂದ್ರ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಒಂದ ಕೇಂದ್ರ, ಹಿಮಕುಸಿತದ ಮುನ್ಸೂಚನೆ ಕೊಡ್ತೈತಿ, ಪೇಪರಿನಾಗ ಬರ್ತೈತಿ, ಹೋಟೆಲ್ಲಿನವರನ್ನ ಕೇಳಿದ್ರ ಹೇಳ್ತಾರ. ಜೋಡಿಯಾಗಿ ಸುಖವಾಗಿರ್ರಿ. ಬರುವಾಗ ಅಕ್ರೋಟ ತರೂದು ಮರೀಬ್ಯಾಡ್ರಿ, ಕಚೇರಿ ವಿಳಾಸ ನಿಮಗ ಗೊತ್ತೈತಲ್ಲ.

ಪ್ರಶ್ನೆ: ನನ್ನ ತಮ್ಮ ಕೆನಡಾದಿಂದ ರಜಾಕ್ಕ ಬಂದಾನ, ಬೀಕನ್ ಎರಡು ಜೋಡಿ ತಂದಾನ. ಅಲ್ಲಿ ಎರಡು ದಿನದ ಎಎಸ್‌ಟಿ-1 ಅನ್ನೋ ಹಿಮಕುಸಿತದ ತರಬೇತಿ ಕೋರ್ಸ್ ಮಾಡ್ಯಾನಂತ. ಇಲ್ಲಿ ಹಿಮಾ ಇಲ್ಲ, ಪ್ರಾಕ್ಟೀಸ್ ಬಿಟ್ಟುಹೋಕ್ಕೈತಿ ಅಂತ ಒದ್ದಾಡ್ತಾನ. ಏನರ ದಾರಿ? — ಖಾನಾಪುರ

ಉತ್ತರ: ಹಿಮಾ ಯಾಕಬೇಕು? ಬಣವಿ ಐತಲ್ಲ. ಒಂದ ಬೀಕನ್ ಚಾಲೂ ಮಾಡಿ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ ಕಣಕಿ ಬಣವ್ಯಾಗೋ, ಕಟಾವು ಆದ ಕಬ್ಬಿನ ಹೊಲದ ರವದಿ ಕೆಳಗೋ ಮುಚ್ಚಿಡ್ರಿ, ಎಲ್ಲಿಟ್ಟೀರಿ ಅಂತ ಹೇಳಬ್ಯಾಡ್ರಿ. ತಮ್ಮ ನೂರು ಹೆಜ್ಜಿ ದೂರದಿಂದ ಶುರು ಮಾಡ್ಲಿ, ನೀವು ಟೈಮ್ ಹಿಡೀರಿ, ಐದು ನಿಮಿಷದೊಳಗ ಹತ್ರ ಬರಬೇಕು. ಆಮ್ಯಾಲ ನೀವು ಹುಡುಕ್ರಿ ಅವ ಟೈಮ್ ಹಿಡೀಲಿ. ಹಿಂದ ಯಾರರ ನಿಂತು 'ಲಗೂ ಲಗೂ' ಅಂತ ಚೀರಬೇಕು, ಖರೇ ಹೊತ್ತಿನಾಗ ಹಂಗ ಇರ್ತೈತಿ, ಕೈ ನಡಗ್ತಾವು, ಬಟನ್ ಸಿಗೂದಿಲ್ಲ. ತೋಟದ ಮೋಟರ್, ಕರೆಂಟಿನ ತಂತಿ ಹತ್ರ ಬ್ಯಾಡ, ನಂಬರ್ ಹುಚ್ಚುಚ್ಚಾರ ಕುಣೀತೈತಿ.

ಆಟ ಮುಗಿದ ಮ್ಯಾಲ ಬಣವ್ಯಾಗಿಂದು ತಗದ್ರೋ ಇಲ್ಲೋ ನೋಡ್ಕೋರಿ, ಎಮ್ಮಿ ಬಾಯಿಗೆ ಹೋದೀತು. ತಮ್ಮ ಹೊಳ್ಳಿ ಹೋಗೂತನಕ ಇಡೂದಾದ್ರ ಬ್ಯಾಟರಿ ತಗದಿಡ್ರಿ, ಒಳಗ ಸೋರಿದ್ರ ಡಬ್ಬಿ ಹಾಳು. ಹಾಕುವಾಗ ಹೊಸಾ ಅಲ್ಕಲೈನ್ ಸೆಲ್ಲು, ಎಲ್ಲಾ ಒಂದ ಕಂಪನಿದು, ಒಂದ ಸಲಕ್ಕ ತಂದದ್ದು. ಟಿವಿ ರಿಮೋಟಿನಾಗಿಂದು ಎರಡು, ಗಡಿಯಾರದಾಗಿಂದು ಒಂದು ಅಂತ ಕೂಡಿಸಿ ಹಾಕಬ್ಯಾಡ್ರಿ.